ಓದೋಕೆ ಬರುತ್ತೆ, ಅರ್ಥ ಆಗಲ್ಲ: ಅಕ್ಕನ ಮಗನ ಜೊತೆ ಕೂತು ಗದ್ಯ ಓದಿದ ಅನುಭವ

ಅಕ್ಕನ ಮಗ ಏಳನೇ ಕ್ಲಾಸು. ಯಾವ ಗದ್ಯ ಕೊಟ್ರೂ ಎಲ್ಲೂ ತಡವರಿಸದೆ ಓದ್ತಾನೆ, ಒತ್ತಕ್ಷರ ಮಹಾಪ್ರಾಣ ಎಲ್ಲ ಸರಿಯಾಗಿ ಬರುತ್ತೆ. ಓದಿ ಮುಗಿಸಿದ್ಮೇಲೆ "ಏನು ಹೇಳಿದಾರಪ್ಪ ಇದ್ರಲ್ಲಿ?" ಅಂತ ಕೇಳಿದ್ರೆ ಮಾತ್ರ ಮತ್ತೆ ಮೊದಲ ಸಾಲಿಂದ ಓದೋಕೆ ಶುರು ಮಾಡ್ತಿದ್ದ. ಪರೀಕ್ಷೇಲಿ "ಈ ಗದ್ಯಭಾಗವನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸಿ" ಅಂತ ಪುಸ್ತಕದಲ್ಲಿಲ್ಲದ ಒಂದು ಗದ್ಯ ಕೊಡ್ತಾರಲ್ಲ, ಪ್ರತಿ ಸಲ ಅಲ್ಲೇ ಅಂಕ ಹೋಗೋದು. ವಿಚಿತ್ರ ಏನಂದ್ರೆ ವ್ಯಾಕರಣದಲ್ಲಿ ಅವನಿಗೆ ಹೆಚ್ಚುಕಮ್ಮಿ ಪೂರ್ತಿ ಅಂಕ. ಸರ್ವನಾಮ ಅಂದ್ರೇನು ಅಂದ್ರೆ "ನಾಮಪದದ ಬದಲಾಗಿ ಬಳಸುವ ಪದ" ಅಂತ ಉಸಿರು ಬಿಡದೆ ಹೇಳ್ತಾನೆ, ಏಳೂ ವಿಭಕ್ತಿ ಪ್ರತ್ಯಯ ಬಾಯಿಪಾಠ. ಅಕ್ಕ "ನೀನೊಂದಷ್ಟು ದಿನ ಕೂತ್ಕೊಂಡು ನೋಡೇ" ಅಂದ್ಲು, ನಾನೂ ಒಪ್ಕೊಂಡೆ. ಅದರಲ್ಲಿ ಏನೇನು ಮಾಡಿದ್ವಿ, ಯಾವುದು ಕೆಲಸಕ್ಕೆ ಬಂತು ಅಂತ ಬರೀತಿದೀನಿ, ಇದೇ ತೊಂದರೆ ಇರೋ ಮಕ್ಕಳು ತುಂಬ ಜನ ಇದಾರೆ ಅಂತ ನಂಗೆ ಖಂಡಿತ ಗೊತ್ತು.

ಮೊದಲು ಅವನು ಉತ್ತರ ಹೇಗೆ ಬರೀತಾನೆ ಅಂತ ಸುಮ್ನೆ ಪಕ್ಕದಲ್ಲಿ ಕೂತು ನೋಡಿದೆ. ಅದಕ್ಕಂತಾನೇ ಪುಸ್ತಕದ ಭಾಷೇಲಿ ಒಂದು ಸಣ್ಣ ಗದ್ಯ ನಾನೇ ಬರೆದೆ, ಹೀಗಿತ್ತು ಅದು: "ಹಾರಬಲ್ಲ ಸಸ್ತನಿ ಬಾವಲಿ ಒಂದೇ. ಕೀಟ ತಿನ್ನುವ ಬಾವಲಿಗಳು ಕತ್ತಲಲ್ಲಿ ಹಾರುವಾಗ ತಾವು ಹೊರಡಿಸಿದ ಶಬ್ದ ಎದುರಿನ ವಸ್ತುವಿಗೆ ತಾಗಿ ಮರಳಿ ಬಂದಾಗ ಅದನ್ನು ಕೇಳಿಸಿಕೊಂಡು ದಾರಿ ಹುಡುಕುತ್ತವೆ. ಈ ಶಬ್ದ ಮನುಷ್ಯರ ಕಿವಿಗೆ ಬಹುಪಾಲು ಕೇಳಿಸುವಂಥದ್ದಲ್ಲ. ಆದರೆ ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಹೆಚ್ಚಿನವು ಕಣ್ಣು, ಮೂಗುಗಳನ್ನೇ ನಂಬುತ್ತವೆ. ಇಟಲಿಯ ವಿಜ್ಞಾನಿ ಸ್ಪಲಾನ್ಜಾನಿ 1793ರಲ್ಲಿ ಬಾವಲಿಗಳಿಗೆ ಕಣ್ಣು ಕಾಣದಂತೆ ಮಾಡಿ ಕೋಣೆಯಲ್ಲಿ ಹಾರಿಬಿಟ್ಟ. ಅವು ಎಲ್ಲಿಯೂ ಡಿಕ್ಕಿ ಹೊಡೆಯದೆ ಹಾರಾಡಿದವು."

"ಬಾವಲಿಗಳು ದಾರಿಯನ್ನು ಹೇಗೆ ಹುಡುಕುತ್ತವೆ?" ಅಂತ ಕೇಳಿದೆ. ಅವನ ಬೆರಳು ನೇರ 'ದಾರಿ ಹುಡುಕುತ್ತವೆ' ಅನ್ನೋ ಕಡೆ ಹೋಗಿ ನಿಂತ್ಕೊಳ್ತು, ಆ ವಾಕ್ಯ ಪೂರ್ತಿ ಹಾಗೇ ಇಳಿಸಿಬಿಟ್ಟ. ಉತ್ತರ ಸರಿ! ಆಮೇಲೆ ಅದೇ ಪ್ರಶ್ನೇನ ಬೇರೆ ಮಾತಲ್ಲಿ ಕೇಳಿದೆ, "ಕತ್ತಲಿದ್ದರೂ ಗೋಡೆಗೆ ಬಡಿಯದಿರಲು ಬಾವಲಿಗೆ ಯಾವುದು ನೆರವಾಗುತ್ತದೆ?" ಅಂತ. "ಚಿಕ್ಕಮ್ಮ, ಗೋಡೆ ಅನ್ನೋ ಪದಾನೇ ಇಲ್ಲ ಇದ್ರಲ್ಲಿ, ಪ್ರಶ್ನೆ ತಪ್ಪಿದೆ" ಅಂದ. ಅಲ್ಲಿಗೆ ಗೊತ್ತಾಯ್ತು, ಇವನು ಓದ್ತಾ ಇಲ್ಲ, ಪ್ರಶ್ನೇಲಿರೋ ಪದಾನ ಗದ್ಯದಲ್ಲಿ ಹುಡುಕ್ತಾ ಇದಾನೆ. ಇದು ಸೋಮಾರಿತನ ಅಲ್ಲ, ಇಷ್ಟು ವರ್ಷ ಈ ಉಪಾಯ ಅವನನ್ನ ಪಾಸ್ ಮಾಡಿಸಿದೆ, ಹಾಗಾಗಿ ಓದೋದು ಅಂದ್ರೆ ಇದೇ ಅಂದ್ಕೊಂಡಿದಾನೆ.

ಇಲ್ಲಿ ಒಂದು ವಿಷಯ ಹೇಳ್ಬೇಕು. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನೋ ಇಬ್ಬರು ಸಂಶೋಧಕರು ಒಂದು ಸರಳ ಲೆಕ್ಕ ಕೊಟ್ರು: ಓದಿ ಅರ್ಥ ಮಾಡ್ಕೊಳ್ಳೋ ಶಕ್ತಿ ಅಂದ್ರೆ ಅಕ್ಷರ ಬಿಡಿಸಿ ಓದೋದು ಮತ್ತು ಭಾಷೆ ಕೇಳಿ ಅರ್ಥ ಮಾಡ್ಕೊಳ್ಳೋದು ಇವೆರಡರ ಗುಣಲಬ್ಧ ಅಂತ. ಕೂಡೋದಲ್ಲ, ಗುಣಿಸೋದು, ಅಂದ್ರೆ ಒಂದು ಸೊನ್ನೆ ಆದ್ರೆ ಇನ್ನೊಂದು ಎಷ್ಟಿದ್ರೂ ಉತ್ತರ ಸೊನ್ನೇನೇ. ಇದ್ರಿಂದ ಮನೇಲೇ ಮಾಡಬಹುದಾದ ಒಂದು ಪರೀಕ್ಷೆ ಸಿಗುತ್ತೆ. ಮಗು ಓದೋ ಬದಲು ನೀವು ಓದಿ ಹೇಳಿ, ಅದೇ ಪ್ರಶ್ನೆ ಕೇಳಿ. ಕೇಳಿದಾಗ ಅರ್ಥ ಆಗಿ ಓದಿದಾಗ ಆಗ್ಲಿಲ್ಲ ಅಂದ್ರೆ ತೊಂದರೆ ಅಕ್ಷರದಲ್ಲಿದೆ, ಕೇಳಿದ್ರೂ ಆಗ್ಲಿಲ್ಲ ಅಂದ್ರೆ ಭಾಷೇಲಿದೆ. ನಾನು ಬಾವಲಿ ಗದ್ಯ ಓದಿ ಹೇಳಿದೆ, ಅದೇ ಜಾಗದಲ್ಲಿ ಮತ್ತೆ ಸಿಕ್ಕಿಹಾಕ್ಕೊಂಡ. ಆಮೇಲೆ ಪುಸ್ತಕ ಮುಚ್ಚಿ ನಾವು ಮನೇಲಿ ಮಾತಾಡೋ ಕನ್ನಡದಲ್ಲೇ ಹೇಳಿದೆ, "ನೋಡೋ, ಬಾವಲಿ ಕೂಗುತ್ತೆ, ಆ ಸೌಂಡ್ ಹೋಗಿ ಗೋಡೆಗೆ ತಾಗಿ ವಾಪಸ್ ಬರುತ್ತೆ, ಅದನ್ನ ಕೇಳಿ ಓ ಇಲ್ಲಿ ಗೋಡೆ ಇದೆ ಅಂತ ತಿರುಗ್ಕೊಳುತ್ತೆ" ಅಂತ. ತಕ್ಷಣ ಅರ್ಥ ಆಯ್ತು, ಅಷ್ಟೇ ಅಲ್ಲ "ಹಾಗಾದ್ರೆ ಪರದೆ ಬಿಟ್ಟಿದ್ರೆ ಸೌಂಡ್ ವಾಪಸ್ ಬರುತ್ತಾ?" ಅಂತ ಅವನೇ ಪ್ರಶ್ನೆ ಕೇಳ್ದ. ಅಂದ್ರೆ ತಲೆ ಚುರುಕಾಗೇ ಇದೆ, ವಿಷಯಾನೂ ಕಷ್ಟ ಅಲ್ಲ. ಬರಹದ ಕನ್ನಡದ ವಾಕ್ಯ ಕಟ್ಟೋ ರೀತಿ ಇದೆಯಲ್ಲ, ಆ ಉದ್ದ ವಾಕ್ಯ, ಕೊನೇಲಿ ಬರೋ ಕ್ರಿಯಾಪದ, ಮಧ್ಯದ 'ಅದನ್ನು' 'ಅವು' 'ತಾವು', ಇವನು ದಾರಿ ತಪ್ಪೋದು ಅಲ್ಲಿ.

ಅದನ್ನ ಬಿಡಿಸೋಕೆ ಬೇಕಾದ ಹೆಸರುಗಳೆಲ್ಲ ಆಗ್ಲೇ ಅವನ ಬಾಯಲ್ಲಿದಾವೆ! ಸರ್ವನಾಮ, ವಿಭಕ್ತಿ, ಕೃದಂತ (ಕ್ರಿಯೆಯ ಪದದಿಂದ ಹುಟ್ಟೋ 'ತಾಗಿ', 'ಹೊರಡಿಸಿದ' ಥರದ ಪದ), ಅವ್ಯಯ ('ಆದರೆ', 'ಏಕೆಂದರೆ' ಥರ ರೂಪ ಬದಲಾಗದ ಪದ). ಯಾರೂ ಇವನ್ನ ಗದ್ಯದ ಹತ್ರ ತಂದಿರ್ಲಿಲ್ಲ ಅಷ್ಟೆ. ವ್ಯಾಕರಣ ಒಂದು ನೋಟ್‌ಬುಕ್, ಗದ್ಯ ಇನ್ನೊಂದು ನೋಟ್‌ಬುಕ್. ಇದು ನಂಗೆ ನಿಜಕ್ಕೂ ಬೇಜಾರಾದ ವಿಷಯ, ಯಾಕಂದ್ರೆ ವ್ಯಾಕರಣ ಕಲಿಯೋದೇ ಓದಿದ್ದು ಅರ್ಥ ಆಗ್ಲಿ, ಬರೆದಿದ್ದು ನೆಟ್ಟಗಿರ್ಲಿ ಅಂತ.

ಸರ್ವನಾಮದಿಂದ ಶುರು ಮಾಡಿದ್ವಿ. ಗದ್ಯದಲ್ಲಿ ಎಲ್ಲಿ ಸರ್ವನಾಮ ಬಂದ್ರೂ ಸುತ್ತು ಹಾಕೋದು, ಅದು ಯಾವ ನಾಮಪದದ ಬದಲು ನಿಂತಿದೆ ಅಂತ ಬಾಣ ಎಳೆಯೋದು. 'ಅದನ್ನು ಕೇಳಿಸಿಕೊಂಡು' ಅನ್ನೋ ಕಡೆ ಅವನು ಬಾಣಾನ 'ವಸ್ತು' ಕಡೆಗೆ ಎಳೆದ, ಹತ್ರದಲ್ಲಿ ಇದ್ದಿದ್ದು ಅದೇ ತಾನೆ. "ವಸ್ತುನ ಕೇಳಿಸ್ಕೊಳೋಕೆ ಆಗುತ್ತಾ?" ಅಂದೆ. ಒಂದು ನಿಮಿಷ ನೋಡಿ ಅಳಿಸಿ 'ಶಬ್ದ'ಕ್ಕೆ ಎಳೆದ. ಆ ಒಂದು ಬಾಣ ಸರಿ ಆಗಿದ್ದೇ ಪೂರ್ತಿ ವಾಕ್ಯ ಅವನಿಗೆ ಬಿಚ್ಕೊಳ್ತು. ಆಮೇಲೆ ಕಥೆಗಳಲ್ಲಿ ಬರೋ 'ತಾನು'. ಇದರ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ತೀನಿ, ಏಕೆಂದ್ರೆ ಕನ್ನಡದಲ್ಲಿ ಇದು ತುಂಬ ಚೆಂದದ ಸೌಕರ್ಯ. "ತಾನು ತಪ್ಪು ಮಾಡಿಲ್ಲವೆಂದು ಮಂತ್ರಿ ರಾಜನಿಗೆ ಹೇಳಿದ" ಅಂದ್ರೆ ತಪ್ಪು ಮಾಡದೇ ಇರೋನು ಮಂತ್ರಿ, ಅದರಲ್ಲಿ ಅನುಮಾನಾನೇ ಇಲ್ಲ. "ಅವನು ತಪ್ಪು ಮಾಡಿಲ್ಲವೆಂದು ಮಂತ್ರಿ ರಾಜನಿಗೆ ಹೇಳಿದ" ಅಂದ್ರೆ ಆ 'ಅವನು' ಬೇರೆ ಯಾರೋ, ಹಿಂದಿನ ವಾಕ್ಯಕ್ಕೆ ಹೋಗಿ ಹುಡುಕ್ಬೇಕು. ಇವನು 'ಆತ್ಮಾರ್ಥಕ ಸರ್ವನಾಮ: ತಾನು, ತಾವು' ಅಂತ ಎಷ್ಟು ಸಲ ಬರೆದಿದಾನೋ, ಅದು ಮಾಡೋ ಕೆಲಸ ಇದು ಅಂತ ಗೊತ್ತಾಗಿದ್ದು ಆವತ್ತೇ. ಎರಡು ವಾಕ್ಯ ಪಕ್ಕ ಪಕ್ಕ ಬರೆದು ಯಾರು ಸಿಕ್ಕಿಹಾಕ್ಕೊಂಡ್ರು ಯಾರು ಬಚಾವಾದ್ರು ಅಂತ ತುಂಬ ಹೊತ್ತು ಆಟ ಆಡ್ದ.

ಮುಂದೆ ವಿಭಕ್ತಿ. ಕನ್ನಡದಲ್ಲಿ ಪದಗಳು ಹಿಂದೆ ಮುಂದೆ ಆಗಬಹುದು, "ನಾಯಿ ಹುಡುಗನನ್ನು ಅಟ್ಟಿತು", "ಹುಡುಗನನ್ನು ನಾಯಿ ಅಟ್ಟಿತು" ಎರಡೂ ಒಂದೇ. ಯಾರು ಯಾರನ್ನ ಅನ್ನೋದನ್ನ ಜಾಗ ಹೇಳಲ್ಲ, ಪ್ರತ್ಯಯ ಹೇಳುತ್ತೆ. ನಾನು ಎರಡು ಚೂರು ಬರೆದು ತೋರಿಸ್ದೆ: 'ಹುಡುಗ ಅಟ್ಟಿದ ನಾಯಿ' ಮತ್ತು 'ಹುಡುಗನನ್ನು ಅಟ್ಟಿದ ನಾಯಿ'. ಯಾವುದ್ರಲ್ಲಿ ಓಡ್ತಿರೋದು ಹುಡುಗ ತಪ್ಪಿಸ್ಕೊಳೋಕೆ? ಮೊದಲ ಸಲ ಎರಡಕ್ಕೂ ಒಂದೇ ಉತ್ತರ ಹೇಳ್ದ. ನಿಧಾನಕ್ಕೆ ಓದ್ಸಿದ್ಮೇಲೆ "ಅಯ್ಯೋ ಈ 'ಅನ್ನು' ಎಲ್ಲಾನೂ ಉಲ್ಟಾ ಮಾಡ್ತಿದೆ" ಅಂದ. ದ್ವಿತೀಯಾ ವಿಭಕ್ತಿ ಅನ್ನೋ ಹೆಸರಿಗೆ ಅವತ್ತು ಒಂದು ಕೆಲಸ ಸಿಕ್ತು. ಹಾಗೇ 'ಇಂದ', 'ಇಗೆ', 'ಅಲ್ಲಿ' ಕೂಡ: ಯಾವುದರಿಂದ, ಯಾರಿಗೆ, ಎಲ್ಲಿ, ಅಂದ್ರೆ ಪ್ರತಿ ವಿಭಕ್ತಿಗೂ ಒಂದು ಪ್ರಶ್ನೆಪದ ಜೋಡಿ ಮಾಡಿದ್ವಿ. ಪಂಚಮಿ ಅಂತ ಪುಸ್ತಕದಲ್ಲಿ ಕೊಡೋ 'ದೆಸೆಯಿಂದ' ಈಗಿನ ಗದ್ಯದಲ್ಲಿ ಹುಡುಕಿದ್ರೂ ಅಪರೂಪ, ಅಲ್ಲೂ 'ಇಂದ'ನೇ ಬರುತ್ತೆ, ಅದರ ಮೇಲೆ ಸಮಯ ಹಾಳು ಮಾಡ್ಲಿಲ್ಲ.

ಉದ್ದ ವಾಕ್ಯಕ್ಕೆ ಒಂದೇ ನಿಯಮ ಇಟ್ಕೊಂಡ್ವಿ: ಮೊದಲು ಕೊನೆಗೆ ಹೋಗು. ಅಲ್ಲಿ ಪೂರ್ಣ ಕ್ರಿಯಾಪದ ಇರುತ್ತೆ, 'ಹುಡುಕುತ್ತವೆ'. ಯಾವುವು ಹುಡುಕುತ್ತವೆ? ಬಾವಲಿಗಳು. ಏನನ್ನ? ದಾರಿ. ಇದು ವಾಕ್ಯದ ಬೆನ್ನುಮೂಳೆ. ಆಮೇಲೆ ಮಧ್ಯದ ಕೃದಂತಗಳನ್ನ ಒಂದೊಂದಾಗಿ ಬಿಡಿಸಿ ಸಣ್ಣ ವಾಕ್ಯ ಮಾಡೋದು. 'ಹೊರಡಿಸಿದ ಶಬ್ದ' ಅಂದ್ರೆ ಬಾವಲಿಗಳು ಶಬ್ದ ಹೊರಡಿಸಿದವು. 'ತಾಗಿ' ಅಂದ್ರೆ ಆ ಶಬ್ದ ವಸ್ತುವಿಗೆ ತಾಗಿತು. 'ಬಂದಾಗ' ಅಂದ್ರೆ ಅದು ಮರಳಿ ಬಂತು. 'ಕೇಳಿಸಿಕೊಂಡು' ಅಂದ್ರೆ ಬಾವಲಿಗಳು ಅದನ್ನ ಕೇಳಿಸಿಕೊಂಡವು. ಒಂದು ವಾಕ್ಯದ ಹೊಟ್ಟೇಲಿ ಐದು ವಾಕ್ಯ, ಅದೂ ನಡೆದ ಕ್ರಮದಲ್ಲೇ. ಮಕ್ಕಳಿಗೆ ಕಲಿಸೋರು ಯಾರಾದ್ರೂ ಇದನ್ನ ಓದ್ತಿದ್ರೆ ನನ್ನ ಒಂದೇ ಕೋರಿಕೆ, ಬೇರೆ ಏನೂ ಮಾಡೋಕಾಗ್ಲಿಲ್ಲ ಅಂದ್ರೂ ಇದೊಂದು ಮಾಡಿ. ಇವನ ಓದು ಬದಲಾಗಿದ್ದರಲ್ಲಿ ಅರ್ಧ ಪಾಲು ಈ ವಾಕ್ಯ ಬಿಡಿಸೋ ಅಭ್ಯಾಸದ್ದು ಅಂತಾನೇ ನನ್ನ ನಂಬಿಕೆ.

ಅವ್ಯಯ ಬೇಗ ಮುಗೀತು. 'ಆದರೆ' ಬಂದ್ರೆ ಮುಂದಿನ ಮಾತು ಹಿಂದಿನ ಮಾತಿಗೆ ಅಡ್ಡ ತಿರುಗುತ್ತೆ, 'ಆದ್ದರಿಂದ' ಬಂದ್ರೆ ಹಿಂದೆ ಕಾರಣ ಇದೆ ಮುಂದೆ ಪರಿಣಾಮ ಇದೆ, 'ಏಕೆಂದರೆ' ಬಂದ್ರೆ ಅದರ ಉಲ್ಟಾ. 'ಏಕೆ' ಅಂತ ಶುರುವಾಗೋ ಪ್ರಶ್ನೆಗಳ ಉತ್ತರ ಬಹಳ ಸಲ ಈ ಪದಗಳ ಅಕ್ಕಪಕ್ಕದಲ್ಲೇ ಇರುತ್ತೆ. ಪದದ ಬಾಲದಲ್ಲಿ ಅಂಟ್ಕೊಂಡಿರೋ 'ಏ', 'ಊ' ಕೂಡ ನೋಡಿದ್ವಿ, 'ಮೂಗುಗಳನ್ನೇ ನಂಬುತ್ತವೆ' ಅನ್ನೋದ್ರಲ್ಲಿ ಆ 'ಏ' ತೆಗೆದು ಓದಿ ನೋಡಿ, ಒತ್ತೇ ಹೋಗುತ್ತೆ.

ಇಷ್ಟಾದ್ಮೇಲೆ ಪ್ರಶ್ನೆಗಳ ಕಡೆ ಬಂದ್ವಿ. ಟ್ಯಾಫಿ ರಾಫೆಲ್ ಅನ್ನೋ ಸಂಶೋಧಕಿ 1980ರ ದಶಕದಲ್ಲಿ ಪ್ರಶ್ನೆಗಳನ್ನ ಉತ್ತರ ಎಲ್ಲಿದೆ ಅನ್ನೋದರ ಮೇಲೆ ನಾಲ್ಕು ಗುಂಪು ಮಾಡಿದ್ರು, ಅದನ್ನೇ ಹಿಡ್ಕೊಂಡೆ, ಹೆಸರು ಮಾತ್ರ ಅವನೇ ಇಟ್ಟ. 'ಅಲ್ಲೇ ಇದೆ' ಅಂದ್ರೆ ಒಂದೇ ವಾಕ್ಯದಲ್ಲಿ ಸಿಗೋದು. 'ಹುಡುಕಿ ಅಂಟಿಸು' ಅಂದ್ರೆ ಎರಡು ಮೂರು ಕಡೆಯಿಂದ ತಂದು ಜೋಡಿಸೋದು, ಎಲ್ಲ ಬಾವಲಿಗಳೂ ಒಂದೇ ರೀತಿ ದಾರಿ ಹುಡುಕುತ್ತವೆಯೇ ಅನ್ನೋ ಥರದ್ದು. 'ಬರೆದೋರು ಪ್ಲಸ್ ನಾನು' ಅಂದ್ರೆ ಗದ್ಯದ ಸುಳಿವಿಗೆ ನಮ್ಮ ಯೋಚನೆ ಸೇರಿಸೋದು. ಕೊನೇದು 'ನಾನೇ', ಗದ್ಯ ಓದದೇ ಇದ್ರೂ ಉತ್ತರ ಹೇಳಬಹುದಾದ್ದು. ಉತ್ತರ ಬರೆಯೋ ಮೊದಲು ಪ್ರತಿ ಪ್ರಶ್ನೆ ಪಕ್ಕ ಇದು ಯಾವ ಥರದ್ದು ಅಂತ ಬರೀಬೇಕು ಅಂತ ಇಟ್ಟಿದ್ದೆ. 'ಇದ್ರಲ್ಲಿ ಉತ್ತರಾನೇ ಇಲ್ಲ' ಅಂತ ಪೆನ್ನು ಕೆಳಗಿಡೋದು ನಿಂತಿದ್ದು ಇದರಿಂದ.

ಮೂರನೇ ಥರದ ಪ್ರಶ್ನೆ, ಊಹೆ ಮಾಡಿ ಹೇಳೋದು, ಅವನಿಗೆ ಭಯ. ತಪ್ಪಾದ್ರೆ? ಅಂತ. ಅದಕ್ಕೆ ಊಹೆ ಅಂದ್ರೆ ಮನಸ್ಸಿಗೆ ಬಂದಿದ್ದು ಅಲ್ಲ, ಗದ್ಯದಲ್ಲಿ ಆಧಾರ ಇರೋದು ಅಂತ ಹೇಳಿ, ಪ್ರತಿ ಊಹೆಗೂ ಒಂದು ವಾಕ್ಯಕ್ಕೆ ಗೆರೆ ಎಳೆದು ತೋರಿಸ್ಬೇಕು ಅಂದೆ. ಬಾವಲಿ ಗದ್ಯಕ್ಕೆ ನಾನು ಇಟ್ಟಿದ್ದ ಪ್ರಶ್ನೆ ಇದು: "ಸ್ಪಲಾನ್ಜಾನಿಯ ಪ್ರಯೋಗ ಮುಂದುವರಿಸುವುದಾದರೆ ನೀನು ಏನು ಮಾಡುತ್ತೀಯ?" ಎರಡು ಸಲ ಗದ್ಯ ಓದ್ದ. ಎರಡನೇ ವಾಕ್ಯಕ್ಕೂ ಕೊನೇ ವಾಕ್ಯಕ್ಕೂ ಗೆರೆ ಎಳೆದ. "ಕಣ್ಣಿಲ್ದೆ ಇದ್ರೂ ಹಾರ್ತು, ಕಿವಿಯಿಂದ ದಾರಿ ಗೊತ್ತಾಗುತ್ತೆ ಅಂತ ಇಲ್ಲಿದೆ, ಹಾಗಾದ್ರೆ ಕಿವಿ ಮುಚ್ಚಿ ಬಿಟ್ರೆ ಡಿಕ್ಕಿ ಹೊಡೀಬೇಕು" ಅಂದ. ಆಗ ನಿಜ ಕಥೆ ಹೇಳ್ದೆ. ಜಿನೀವಾದ ಜ್ಯೂರಿನ್ ಅನ್ನೋ ಶಸ್ತ್ರವೈದ್ಯರು ಸ್ಪಲಾನ್ಜಾನಿ ಕೆಲಸದ ಸುದ್ದಿ ಕೇಳಿ ಬಾವಲಿಗಳ ಕಿವಿ ಮುಚ್ಚಿ ಬಿಟ್ರು, ಅವು ಡಿಕ್ಕಿ ಹೊಡೆದ್ವು. ಆದ್ರೆ ಮನುಷ್ಯರ ಕಿವಿಗೆ ಏನೂ ಕೇಳಿಸ್ತಿರ್ಲಿಲ್ವಲ್ಲ, ಹಾಗಾಗಿ ಬಾವಲಿ ಅಸಲಿಗೆ ಏನನ್ನ ಕೇಳ್ತಿದೆ ಅನ್ನೋದು ಒಗಟಾಗೇ ಉಳೀತು, 1938ರಲ್ಲಿ ಅಮೆರಿಕದಲ್ಲಿ ಗ್ರಿಫಿನ್ ಮತ್ತು ಪಿಯರ್ಸ್ ಯಂತ್ರ ಇಟ್ಟು ಆ ಶಬ್ದಾನ ಹಿಡಿಯೋವರೆಗೂ. ತನ್ನ ಊಹೆ ನಿಜವಾದ ವಿಜ್ಞಾನಿಯೊಬ್ಬರು ಮಾಡಿದ್ದ ಪ್ರಯೋಗಾನೇ ಅಂತ ಗೊತ್ತಾದಾಗ ಅವನ ಮುಖ ನೋಡ್ಬೇಕಿತ್ತು. ಅಲ್ಲಿಂದ ಮುಂದೆ ಊಹೆ ಪ್ರಶ್ನೆ ಬಂದ್ರೆ ಅದನ್ನೇ ಮೊದಲು ಬರೆಯೋಕೆ ಶುರು ಮಾಡ್ದ.

ಶೀರ್ಷಿಕೆ ಯಾಕೆ ಓದ್ಬೇಕು ಅಂತ ತೋರ್ಸೋಕೆ ಒಂದು ಹಳೇ ಪ್ರಯೋಗದ ದಾರಿ ಹಿಡಿದೆ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಅನ್ನೋರು ಬಟ್ಟೆ ಒಗೆಯೋದರ ಬಗ್ಗೆ, ಬಟ್ಟೆ ಅನ್ನೋ ಮಾತೇ ಬರದ ಹಾಗೆ ಒಂದು ಗದ್ಯ ಮಾಡಿ ಕೇಳಿಸಿದ್ರು. ವಿಷಯ ಏನು ಅಂತ ಮೊದಲೇ ಹೇಳಿಸ್ಕೊಂಡೋರಿಗೆ ಅರ್ಥಾನೂ ಆಯ್ತು, ನೆನಪೂ ಹೆಚ್ಚು ಉಳೀತು, ಕೇಳಿ ಆದ್ಮೇಲೆ ಹೇಳಿದ್ರೆ ಅಷ್ಟು ಪ್ರಯೋಜನ ಆಗ್ಲಿಲ್ಲ. ನಾನೂ ಅದೇ ಥರ ಒಂದು ಬರೆದೆ, "ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ ತಿರುಗಿಸಬೇಕು. ಕಮ್ಮಿಯಾದರೆ ಕೆಲಸಕ್ಕೆ ಬಾರದು, ಅತಿಯಾದರೆ ಮತ್ತೆ ಮೊದಲಿಂದ. ಪ್ರತಿ ಸಲವೂ ಅದು ಚಿಕ್ಕದಾಗುತ್ತಲೇ ಹೋಗುತ್ತದೆ" ಅಂತ. ತಲೆ ಕೆರ್ಕೊಂಡ. ಮೇಲೆ 'ಪೆನ್ಸಿಲ್ ಚೂಪು ಮಾಡುವುದು' ಅಂತ ಬರೆದು ಮತ್ತೆ ಓದು ಅಂದೆ, ನಕ್ಕುಬಿಟ್ಟ. ಈಗ ಗದ್ಯ ಸಿಕ್ಕಿದ್ರೆ ಮೊದಲು ಶೀರ್ಷಿಕೆ, ಆಮೇಲೆ ಪ್ರಶ್ನೆಗಳು, ಆಮೇಲೆ ಗದ್ಯ, ಅದೇ ಕ್ರಮ.

ಗೊತ್ತಿಲ್ಲದ ಪದ ಬಂದಾಗ ನಿಘಂಟಿಗೆ ಓಡೋ ಮೊದಲು ವಾಕ್ಯ ಪೂರ್ತಿ ಓದಿ ಅಂದಾಜು ಮಾಡೋದು, ಪದ ಬಿಡಿಸಿ ನೋಡೋದು, ಇಲ್ಲಿ ಸಂಧಿ ಸಮಾಸ ನೆರವಿಗೆ ಬಂದ್ವು. 'ಜಲಾಶಯ' ಅಂತ ಬಂದಾಗ ಜಲ + ಆಶಯ, ಸವರ್ಣದೀರ್ಘ ಸಂಧಿ ಅಂತ ತಟ್ಟನೆ ಹೇಳ್ದ, ಹಾಗಾದ್ರೆ ಅರ್ಥ ಏನು ಅಂದ್ರೆ ಸುಮ್ನಾದ. ನೀರಿಗೆ ನೆಲೆ ಅಂತ ಹೇಳಿದ್ಮೇಲೆ 'ಜಲಚರ', 'ಜಲಪಾತ' ಅವನೇ ಬಿಡಿಸ್ದ.

ಪ್ರಶ್ನೆಯ ಕೊನೇಲಿ ಬರೋ ಆಜ್ಞೆಗಳೂ ಅಷ್ಟೆ, ಪಟ್ಟಿ ಮಾಡಿ, ಕಾರಣ ಕೊಡಿ, ಹೋಲಿಸಿ, ವಿವರಿಸಿ, ಇವನಿಗೆ ಎಲ್ಲಾನೂ 'ಬರೆಯಿರಿ' ಅಂತಾನೇ ಕೇಳಿಸ್ತಿತ್ತು. ಹೋಲಿಸಿ ಅಂದ್ರೆ ಎರಡೂ ಕಡೆ ಇರೋ ಒಂದು ಅಂಶ ಹಿಡ್ಕೊಂಡು ಬರೀಬೇಕು, ಒಂದರ ಬಗ್ಗೆ ಪುಟಗಟ್ಟಲೆ ಬರೆದ್ರೆ ಅಂಕ ಬರಲ್ಲ.

ಸಾರಾಂಶಕ್ಕೆ ತುಂಬ ದಿನ ಹಿಡೀತು. ಮೊದಮೊದಲು ಮೂರನೇ ಒಂದು ಭಾಗಕ್ಕೆ ಇಳಿಸಿ ಅಂದ್ರೆ ಮೊದಲ ಮೂರನೇ ಒಂದು ಭಾಗ ನಕಲು ಮಾಡಿ ಕೊಡ್ತಿದ್ದ. ಪುಸ್ತಕ ಮುಚ್ಚಿಸಿ, "ಗದ್ಯ ಓದಿರದ ನಿಮ್ಮಮ್ಮನಿಗೆ ಇದನ್ನ ಮೂರು ಮಾತಲ್ಲಿ ಹೇಳು" ಅಂದೆ. ಬಾಯಲ್ಲಿ ಹೇಳುವಾಗ ಉದಾಹರಣೆ, ಇಸವಿ, ಹೇಳಿದ್ದೇ ಹೇಳಿದ್ದು ಎಲ್ಲ ತಾನಾಗೇ ಉದುರಿ ಹೋಗ್ತಿತ್ತು. ಹೇಳಿದ್ದನ್ನೇ ಬರಿ ಅಂದೆ, ಆಮೇಲೆ ಪುಸ್ತಕ ತೆರೆದು ಮುಖ್ಯವಾದ್ದು ಏನಾದ್ರೂ ಬಿಟ್ಟಿದೀಯಾ ನೋಡು ಅಂದೆ. ಕಾಗೆ, ಗುಬ್ಬಿ, ಗಿಳಿ ಅಂತ ಸಾಲು ಇದ್ರೆ 'ಹಕ್ಕಿಗಳು' ಅಂತ ಒಂದೇ ಪದ ಹಾಕೋದನ್ನ, ಅಂದ್ರೆ ಅಂಕಿತನಾಮ ರೂಢನಾಮ ಅಂತ ಓದಿರ್ತಾರಲ್ಲ ಹೆಚ್ಚುಕಮ್ಮಿ ಅದೇ ಯೋಚನೆ, ಬೇಗ ಹಿಡ್ಕೊಂಡ.

ಇದನ್ನೆಲ್ಲ ಮಾಡುವಾಗ ಒಂದು ಅಂಕಿ ನನ್ನ ತಲೇಲಿ ತಿರುಗ್ತಾನೇ ಇತ್ತು. ಅಮೆರಿಕದ ಡೊಲೊರೆಸ್ ಡರ್ಕಿನ್ ಅನ್ನೋರು 1970ರ ದಶಕದಲ್ಲಿ ನಾಲ್ಕನೇ ತರಗತಿಗಳಲ್ಲಿ ಕೂತು 4,469 ನಿಮಿಷ ಓದಿನ ಪಾಠ ಗಮನಿಸಿದ್ರು, ಅದರಲ್ಲಿ ಅರ್ಥ ಮಾಡ್ಕೊಳ್ಳೋದು ಹೇಗೆ ಅಂತ ನಿಜವಾಗಿ ಕಲಿಸಿದ್ದು 20 ನಿಮಿಷ. ಮಿಕ್ಕಿದ್ದರಲ್ಲಿ ಅರ್ಥ ಆಯ್ತಾ ಅಂತ ಪ್ರಶ್ನೆ ಕೇಳಿ ಪರೀಕ್ಷೆ ಮಾಡೋದೇ ಹೆಚ್ಚು. ಈಗಲೂ ಎಷ್ಟೋ ಕಡೆ ನಾವು ಮಕ್ಕಳಿಗೆ ಮಾಡ್ತಿರೋದು ಅದನ್ನೇ ಅನ್ಸುತ್ತೆ, ಉತ್ತರ ತಪ್ಪಾದ್ರೆ ಸರಿ ಉತ್ತರ ಹೇಳಿಬಿಡ್ತೀವಿ, ಆ ಉತ್ತರಕ್ಕೆ ಹೇಗೆ ತಲುಪಿದ್ವಿ ಅಂತ ಯಾರೂ ಹೇಳಲ್ಲ. ನಾನು ಅದಕ್ಕೇ ಒಂದು ಅಭ್ಯಾಸ ಇಟ್ಕೊಂಡೆ, ಅವನ ಮುಂದೆ ನಾನೂ ಹೊಸ ಗದ್ಯ ಗಟ್ಟಿಯಾಗಿ ಓದಿ, "ಈ 'ಇವು' ಯಾವುದು, ಹಿಂದೆ ನೋಡೋಣ, ಓ ಬೇರುಗಳು" ಅಂತ ಯೋಚನೇನೂ ಗಟ್ಟಿಯಾಗೇ ಹೇಳೋದು.

ಈಗ ಪದ್ಯಕ್ಕೆ ಬಂದಿದೀವಿ, ಅಲ್ಲಿ ಇನ್ನೂ ಕಷ್ಟ ಇದೆ. ಪದಗಳ ಕ್ರಮ ಪೂರ್ತಿ ಅದಲು ಬದಲು ಆಗಿರುತ್ತೆ, ಅದಕ್ಕೆ ಮೊದಲು ಅನ್ವಯ ಮಾಡ್ಕೊಳ್ಳೋದು, ಅಂದ್ರೆ ಗದ್ಯದ ಕ್ರಮಕ್ಕೆ ಜೋಡಿಸೋದು, ಅದೇ ವಿಭಕ್ತಿ ಹಿಡ್ಕೊಂಡು ಕರ್ತೃ ಯಾರು ಕರ್ಮ ಯಾವುದು ಅಂತ. ಅಲಂಕಾರದಲ್ಲಿ ಉಪಮೇಯ (ಯಾವುದನ್ನ ಹೋಲಿಸಿದಾರೋ ಅದು), ಉಪಮಾನ (ಯಾವುದಕ್ಕೆ ಹೋಲಿಸಿದಾರೋ ಅದು) ಗುರುತಿಸ್ತಾನೆ, ವಾಚಕ ಪದ 'ಅಂತೆ', 'ಹಾಗೆ' ನೋಡಿದ ಕೂಡಲೇ ಉಪಮಾಲಂಕಾರ ಅಂತ ಬರೀತಾನೆ. ಸಮಾನ ಧರ್ಮ, ಅಂದ್ರೆ ಎರಡರಲ್ಲೂ ಇರೋ ಗುಣ, ಯಾವುದು, ಕವಿ ಅದನ್ನ ಇದಕ್ಕೇ ಯಾಕೆ ಹೋಲಿಸಿದ್ರು ಅಂದ್ರೆ ನಿಲ್ತಾನೆ. ಸದ್ಯಕ್ಕೆ ವಾರಕ್ಕೆ ಒಂದೇ ಪದ್ಯ ತಗೊಂಡು ಆ 'ಯಾಕೆ'ಗೆ ಒಂದೆರಡು ವಾಕ್ಯ ಬರೆಸ್ತಿದೀನಿ, ಆಧಾರದ ಸಾಲಿಗೆ ಗೆರೆ ಎಳೆಯೋ ನಿಯಮ ಅಲ್ಲೂ ಇದೆ.